ಮೂಲೆಯ ಕಂಬ

ಮನೆಯ ಮೂಲೆಯ ಕಂಬಕ್ಕೆ ಹೊರೆ ಕಡಿಮೆ, ಆದುದರಿಂದ ಅದಕ್ಕೆ ಸರಳೂ ಕಡಿಮೆ ಸಾಕು ಎಂಬ ಮಾತನ್ನು ನಾವು ಹಲವು ಕಡೆ ಕೇಳಿದ್ದೇವೆ. ಮಾತಿನ ಮೊದಲರ್ಧ ನಿಜ. ಉಳಿದರ್ಧವನ್ನು ನಾವು ಒಪ್ಪಲಾರೆವು.

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಕಲ್ಲುಕಂಬಗಳನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅಲ್ಲಿ ತೊಲೆಯು ಬೋದಿಗೆಯ ಮೇಲೆ ಸುಮ್ಮನೆ ಕುಳಿತಿದೆ. ಕಂಬವನ್ನು ಹಿಡಿದು ಬಾಗಿಸುವುದಿಲ್ಲ. ಕಲ್ಲು ಅದುಮಿದರೆ ತಾಳುತ್ತದೆ, ಎಳೆದರೆ ಸೀಳುತ್ತದೆ. ಕಾಂಕ್ರೀಟಿನ ಸ್ವಭಾವವೂ ಅದೇ. ಆದರೆ ಇಂದು ತೊಲೆಯನ್ನೂ ಕಂಬವನ್ನೂ ಒಡಲೊಂದಾಗಿ ಎರಕ ಹೊಯ್ಯುತ್ತೇವೆ. ತೊಲೆ ಬಾಗಿದರೆ ಕಂಬವೂ ಬಾಗಲೇಬೇಕು. ನಡುವಿನ ಕಂಬದಲ್ಲಿ ಎಡಬಲದ ತೊಲೆಗಳು ಒಂದನ್ನೊಂದು ಬಹುಮಟ್ಟಿಗೆ ಸರಿದೂಗಿಸುತ್ತವೆ. ಮೂಲೆಯ ಕಂಬಕ್ಕೆ ಆ ಭಾಗ್ಯವಿಲ್ಲ. ಅದು ಎರಡು ದಿಕ್ಕಿಗೂ ಬಾಗುತ್ತದೆ.

ತುಸು ಗಣಿತ ಮಾಡೋಣ. 230 ಮಿ.ಮೀ. ಚೌಕದ ಕಂಬದಲ್ಲಿ ಭಾರವು ನಡುವಿನಿಂದ ಒಂದು ಬದಿಗೆ 20 ಮಿ.ಮೀ. ಸರಿದರೆ, ಬಿರುಕು ಬಿಡದ ಸ್ಥಿತಿಯಲ್ಲಿ ಆ ಮೈಯ ಒತ್ತಡ ಶೇಕಡಾ 52ರಷ್ಟು ಏರುತ್ತದೆ, ಎದುರು ಮೈಯಲ್ಲಿ ಅಷ್ಟೇ ಇಳಿಯುತ್ತದೆ. ಬದಿಯ ಆರನೆಯ ಒಂದಂಶ, ಎಂದರೆ ಸುಮಾರು 38 ಮಿ.ಮೀ. ಸರಿದರೆ ಒಂದು ಮೈಗೆ ಇಮ್ಮಡಿ, ಇನ್ನೊಂದಕ್ಕೆ ಸೊನ್ನೆ. ಅದರಾಚೆಗೆ ಎಳೆತವೇ, ಅದನ್ನು ಹೊರಬೇಕಾದದ್ದು ಉಕ್ಕಿನ ಸರಳು. ಮೇಲಿನ ಹೊರೆಯು ಒಂದು ಮಿತಿಯವರೆಗೆ ಕಂಬವನ್ನು ಅದುಮಿ ಈ ಎಳೆತವನ್ನು ತಗ್ಗಿಸುತ್ತದೆ. ಹೊರೆ ಕಡಿಮೆಯಿರುವ ಮೂಲೆಯ ಕಂಬಕ್ಕೆ ಆ ಉಪಕಾರವೂ ಕಡಿಮೆಯೆಂಬುದನ್ನು ನಮ್ಮ ಗವಂಡಿಗಳು ಗಮನಿಸಿದಂತಿಲ್ಲ.

ಭಾರವು ನಟ್ಟನಡುವೆಯೇ ಬೀಳುತ್ತದೆಂದು ಯಾವ ಕಂಬದಲ್ಲಿಯೂ ನಂಬಕೂಡದು. 2000ದಲ್ಲಿ ಪರಿಷ್ಕೃತವಾದ ಐ.ಎಸ್. 456 ಸಂಹಿತೆಯು ಕನಿಷ್ಠ 20 ಮಿ.ಮೀ. ಸರಿತವನ್ನು ಲೆಕ್ಕಕ್ಕೆ ಹಿಡಿಯಹೇಳಿತು. ಉಕ್ಕು ಕಂಬದ ಅಡ್ಡಕೊಯ್ತದ ಶೇಕಡಾ 0.8ಕ್ಕೆ ಕಡಿಮೆಯಿರಬಾರದೆಂದಿತು. ನಮ್ಮ ಚೌಕಕ್ಕೆ ಅದು 423 ಚದರ ಮಿ.ಮೀ. ವಾಡಿಕೆಯ 12 ಮಿ.ಮೀ. ಸರಳು ನಾಲ್ಕು ಸೇರಿದರೆ 452. ಎಂದರೆ, "ನಾಲ್ಕು ಸರಳು ಸಾಕು" ಎಂಬುದು ನಿಯಮದ ಹೊಸ್ತಿಲು ದಾಟಿದ ಮಾತಷ್ಟೇ. ಬಾಗುವಿಕೆಯ ಲೆಕ್ಕ ಇನ್ನೂ ಆರಂಭವಾಗಿಲ್ಲ. ಆ ಕಂಬದ ಮೇಲೆ ಮುಂದೆ ಇನ್ನೊಂದು ಮಹಡಿ ಏರಿಸುವ ಆಸೆಯಂತೂ ನಮ್ಮಲ್ಲಿ ಸಾಮಾನ್ಯ.

2019ರ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನರು ಮಡಿದರು. ಅದರ ಕಾರಣವನ್ನು ಇಲ್ಲಿ ಚರ್ಚಿಸುವುದು ನಮ್ಮ ಉದ್ದೇಶವಲ್ಲ. ಕಂಬದ ಲೆಕ್ಕವು ಪ್ರಾಣದ ಲೆಕ್ಕವೆಂಬುದು ಮಾತ್ರ ನಮ್ಮ ಮನಸ್ಸಿನಲ್ಲಿದೆ.

ಗದಗದ ಹತ್ತಿರದ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಈ ಲೆಕ್ಕವನ್ನು ಗವಂಡಿಗಳಿಗೂ ಪಂಚಾಯತಿಯ ಸದಸ್ಯರಿಗೂ ಸರಳ ಕನ್ನಡದಲ್ಲಿ ಕಲಿಸಲು ಅದಕ್ಕಿಂತ ತಕ್ಕ ಸ್ಥಳ ನಮಗೆ ತೋರದು. ಮೂಲೆಯ ಕಂಬದ ಲೆಕ್ಕವನ್ನು ನಕ್ಷೆಯಲ್ಲಿ ಬೇರೆಯಾಗಿ ಬರೆದಿರದಿದ್ದರೆ ಮಹಡಿ ಮನೆಗೆ ಪರವಾನಿಗೆ ಕೊಡಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.