ಸೌರಕೋಶದ ಬಾಳಿಕೆ

ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ವಿದ್ಯೆಯಲ್ಲಿ ‘ಪೆರೊವ್‌ಸ್ಕೈಟ್’ ಎಂಬ ಹೆಸರು ಈಚೆಗೆ ಪದೇ ಪದೇ ಕೇಳಿಬರುತ್ತಿದೆ. 1839ರಲ್ಲಿ ರಷ್ಯದ ಉರಲ್ ಪರ್ವತಗಳಲ್ಲಿ ದೊರೆತ ಖನಿಜವೊಂದರ ಹೆಸರಿದು. ಅದೇ ಬಗೆಯ ಹರಳಿನ ರಚನೆಯುಳ್ಳ ಕೃತಕ ಪದಾರ್ಥದಿಂದ ಜಪಾನಿನ ಪ್ರೊಫೆಸರ್ ತ್ಸುತೊಮು ಮಿಯಾಸಾಕಾ ಮತ್ತು ಅವರ ಸಂಗಡಿಗರು ಸೌರಕೋಶವನ್ನು ರಚಿಸಿ 2009ರಲ್ಲಿ ಪ್ರಕಟಿಸಿದರು. ಬಿದ್ದ ಬೆಳಕಿನಲ್ಲಿ ಶೇಕಡಾ 3.8ರಷ್ಟನ್ನು ಮಾತ್ರ ಅದು ವಿದ್ಯುತ್ತಾಗಿ ಮಾರ್ಪಡಿಸಿತು. ಅದೂ ಕೆಲವು ನಿಮಿಷಗಳ ಬಾಳು. ಇಂದು ಪ್ರಯೋಗಶಾಲೆಗಳಲ್ಲಿ ಆ ಪ್ರಮಾಣ ಶೇಕಡಾ 26ನ್ನು ದಾಟಿದೆ. ಸಿಲಿಕಾನಿನ ಮೇಲೆ ಇದರ ಪೊರೆಯನ್ನು ಹೊದಿಸಿ ಚೀನದ ಲೋಂಗಿ ಸಂಸ್ಥೆಯವರು 2024ರಲ್ಲಿ ಶೇಕಡಾ 34.6ನ್ನು ಸಾಧಿಸಿದರು. ಸಿಲಿಕಾನ್ ಒಂದೇ ಆದರೆ ಶೇಕಡಾ 29ರ ಆಸುಪಾಸಿನಲ್ಲಿ ಪ್ರಕೃತಿಯೇ ಎಲ್ಲೆ ಕಟ್ಟಿದೆ.

ಇದರ ಇನ್ನೊಂದು ಗುಣ ಸುಲಭ ತಯಾರಿಕೆ. ಸಿಲಿಕಾನನ್ನು 1400 ಡಿಗ್ರಿಗೂ ಮೀರಿದ ಶಾಖದಲ್ಲಿ ಕರಗಿಸಬೇಕು. ಇದನ್ನಾದರೋ ದ್ರಾವಣವಾಗಿ ಮಾಡಿ, ಕಾವಲಿಯ ಮೇಲೆ ದೋಸೆಯ ಹಿಟ್ಟನ್ನು ಎಳೆಯುವಂತೆ ಗಾಜಿನ ಮೇಲೆ ಹರಡಿ, ಸುಮಾರು 100 ಡಿಗ್ರಿಯಲ್ಲಿ ಒಣಗಿಸಿದರಾಯಿತು. ಅಗ್ಗವಾಗುವ ಆಸೆ ಇರುವುದು ಇಲ್ಲಿಯೇ.

ಆದರೆ ಲೋಂಗಿಯ ಆ ಕೋಶದ ವಿಸ್ತಾರ ಸುಮಾರು ಒಂದು ಚದರ ಸೆಂಟಿಮೀಟರ್, ಬೆರಳಿನ ಉಗುರಿನಷ್ಟು! ಹೋಟೆಲು ನಡೆಸಿದ ನಮಗೆ ಒಂದು ಅನುಭವವುಂಟು: ಹೊಸ ಭಟ್ಟರ ಮೊದಲ ದಿನದ ಸಾಂಬಾರನ್ನು ಉಂಡು ಸಂಬಳ ಗೊತ್ತುಮಾಡಬಾರದು, ಒಂದು ಮಳೆಗಾಲ ಕಳೆಯಲಿ ಎಂದು ಕಾಯಬೇಕು. ಈ ಹರಳಿಗೆ ನೀರು ಶತ್ರು, ಗಾಳಿಯಲ್ಲಿರುವ ಆಮ್ಲಜನಕ ಶತ್ರು, ಅತಿ ಶಾಖವೂ ಶತ್ರು. ಬೇಗನೆ ಆವಿಯಾಗುವ ಘಟಕವನ್ನು ತೆಗೆದು ಸೀಸಿಯಂ ಮೊದಲಾದವನ್ನು ಸೇರಿಸಿಯೂ, ಹರಳಿನ ಅಂಚುಗಳ ದೋಷಗಳನ್ನು ಮುಚ್ಚಿಯೂ, ಎರಡು ಗಾಜುಗಳ ನಡುವೆ ಬಿಗಿಯಾಗಿ ಮುದ್ರೆಮಾಡಿಯೂ ವಿಜ್ಞಾನಿಗಳು ಆಯುಸ್ಸನ್ನು ಹೆಚ್ಚಿಸುತ್ತಿರುವರು. ಒಳಗೆ ಸೀಸವೂ ಇರುವುದರಿಂದ ಒಡೆದ ಫಲಕದ ಚಿಂತೆ ಬೇರೆ.

ಫಲಕಗಳಿಗೆ ಅಂತರರಾಷ್ಟ್ರೀಯ ಪರೀಕ್ಷೆಯೊಂದುಂಟು: 85 ಡಿಗ್ರಿ ಶಾಖ, ಶೇಕಡಾ 85ರ ತೇವ, 1000 ಗಂಟೆ. ಇಡ್ಲಿಯ ಹಬೆಯೆದುರು ದಿನಗಳೆದ ನಮ್ಮ ವಾಚಕರಿಗೆ ಇದರ ಕಾಠಿಣ್ಯವನ್ನು ವಿವರಿಸಬೇಕಾದುದಿಲ್ಲ. ಆದರೂ ಇದು ಕತ್ತಲೆಯ ಪೆಟ್ಟಿಗೆಯೊಳಗಿನ ಪರೀಕ್ಷೆ. ಬಿಸಿಲೂ ಶಾಖವೂ ಕೂಡಿದಾಗ ಹರಳಿನೊಳಗಿನ ಅಯಾನುಗಳು ಸ್ಥಳಬಿಟ್ಟು ಸರಿಯತೊಡಗುವವು. ಇದೇ ಈ ಪದಾರ್ಥದ ದೊಡ್ಡ ಜಾಡ್ಯ. ಅದನ್ನು ಅರಿಯಲು ಛಾವಣಿಯ ಮೇಲೆಯೇ ಇಟ್ಟು ನೋಡಬೇಕು.

ಮುಂಬಯಿಯ ಪವಾಯಿಯಲ್ಲಿ, ಐಐಟಿಯ ಆವರಣದಲ್ಲಿ, 2010ರಿಂದ ಸೌರವಿದ್ಯುತ್ತಿನ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಪೆರೊವ್‌ಸ್ಕೈಟಿನ ಕೆಲಸವೂ ಅಲ್ಲಿ ನಡೆಯುತ್ತಿದೆ. ಮುಂಬಯಿ, ಮಂಗಳೂರುಗಳಂತಹ ಕರಾವಳಿಯಲ್ಲಿ ಹಲವು ಮಳೆಗಾಲಗಳ ಪರೀಕ್ಷೆ ನಡೆದು, ಅದರ ಫಲಿತಾಂಶ ಜನರ ಕೈಗೆ ಸಿಕ್ಕುವವರೆಗೆ ಸರಕಾರವು ಈ ಹೊಸ ಫಲಕಗಳಿಗೆ ಸಹಾಯಧನ ನೀಡಬಾರದೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಸಂಶೋಧನೆಗೆ ಮಾತ್ರ ಕೈಬಿಚ್ಚಿ ಕೊಡಲಿ.

ಊರಿನ ಮನೆಗೆ ಸೋಲಾರ್ ಹಾಕಿಸಲು ಹಣ ಕೂಡಿಸುತ್ತಿರುವವರು ನಮ್ಮಲ್ಲಿ ಅನೇಕರಿರುವರು. ಕೇಂದ್ರ ಸರಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ಮನೆಯೊಂದಕ್ಕೆ 78,000 ರೂಪಾಯಿಗಳವರೆಗೆ ಸಹಾಯಧನವನ್ನು ಗೊತ್ತುಮಾಡಿತು. ಅಂತಹವರು ಹೊಸ ಹರಳಿಗಾಗಿ ಕಾದು ಕುಳಿತುಕೊಳ್ಳಬೇಕಾದುದಿಲ್ಲ. ಸಿಲಿಕಾನ್ ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷಗಳ ಖಾತರಿ ದೊರೆಯುತ್ತದೆ. ನಾಳೆ ಪೆರೊವ್‌ಸ್ಕೈಟನ್ನು ಮಾರಲು ಬರುವವನು ಶೇಕಡಾವಾರನ್ನು ಹೇಳುವ ಮೊದಲು, ಅಷ್ಟೇ ವರ್ಷಗಳನ್ನು ಕಾಗದದಲ್ಲಿ ಬರೆದು ಸಹಿಮಾಡಿಕೊಡಲಿ.