ಹಾಲು ಬಿಡಿಸಿದ್ದು ಯಾರು?

ಕೂಸೊಂದು ಎಷ್ಟು ತಿಂಗಳು ಎದೆಹಾಲು ಕುಡಿದಿತ್ತು ಎಂಬುದನ್ನು ನೂರಾರು ವರ್ಷಗಳ ನಂತರವೂ ಅದರ ಮೂಳೆ ಹೇಳುತ್ತದೆ. ಲೆಕ್ಕ ಸರಳ. ಹುಲ್ಲಿಗಿಂತ ಹಸುವಿನಲ್ಲಿ, ಹಸುವಿಗಿಂತ ಹುಲಿಯಲ್ಲಿ ನೈಟ್ರೋಜನ್–15 ಎಂಬ ಭಾರವಾದ ಸಾರಜನಕದ ಪಾಲು ಹೆಚ್ಚು. ಆಹಾರದ ಸರಪಳಿಯಲ್ಲಿ ಒಂದೊಂದು ಮೆಟ್ಟಿಲು ಏರಿದಂತೆ ಅದೂ ಏರುತ್ತದೆ. ಮೊಲೆಯುಣ್ಣುವ ಮಗು ಒಂದರ್ಥದಲ್ಲಿ ಉಣ್ಣುವುದು ತಾಯಿಯನ್ನೇ. ಹಾಗಾಗಿ ಅದು ಅವಳಿಗಿಂತ ಒಂದು ಮೆಟ್ಟಿಲು ಮೇಲಿರುತ್ತದೆ. ಗಂಜಿ, ರೊಟ್ಟಿ ರೂಢಿಯಾದ ಮೇಲೆ ಮೆಲ್ಲಗೆ ಕೆಳಗಿಳಿಯುತ್ತದೆ.

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ವಾರಮ್ ಪರ್ಸಿ ಎಂಬ ಹಾಳೂರಿದೆ. ಅಲ್ಲಿನ ಚರ್ಚಿನ ಅಂಗಳದಲ್ಲಿ ಸಿಕ್ಕ ಮಧ್ಯಯುಗದ ಮಕ್ಕಳ ಮೂಳೆಗಳನ್ನು ಹೀಗೆ ಪರೀಕ್ಷಿಸಿದಾಗ, ಬಡ ರೈತಾಪಿ ತಾಯಂದಿರು ಸುಮಾರು ಒಂದೂವರೆ ವರ್ಷದವರೆಗೆ ಹಾಲೂಡಿಸುತ್ತಿದ್ದರೆಂದು ತಿಳಿಯಿತು. ಮೊದಲ ವರ್ಷ ಆ ಕೂಸುಗಳ ಬೆಳವಣಿಗೆ ಈ ಕಾಲದ ಮಕ್ಕಳಿಗೆ ಸರಿಸಮನಾಗಿತ್ತು. ಹಿಂದೆ ಬಿದ್ದದ್ದು ಆಮೇಲೆ, ಊರಿನ ಬಡತನವೇ ತಟ್ಟೆಗೆ ಬಂದಾಗ.

ಈಗ ಪ್ಯಾರಿಸ್ಸಿಗೆ ಬನ್ನಿ. ಆ ಹಳ್ಳಿಗಿಂತ ಎಷ್ಟೋ ಪಾಲು ಸಿರಿವಂತ ಊರು. 1780ರಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥ ಲೆನ್ವಾರ್ ಕೊಟ್ಟ ಅಂದಾಜಿನ ಪ್ರಕಾರ, ವರ್ಷಕ್ಕೆ ಹುಟ್ಟುವ 21,000 ಮಕ್ಕಳಲ್ಲಿ ಹೆತ್ತವಳ ಹಾಲು ಕುಡಿದವು ಸುಮಾರು ಸಾವಿರ. ಇನ್ನೊಂದು ಸಾವಿರಕ್ಕೆ ಮನೆಯಲ್ಲೇ ದಾದಿ. ಮಿಕ್ಕವು ಹೊರಗೆ, ಬಹುಪಾಲು ಹಳ್ಳಿಗಾಡಿನ ದಾದಿಯರ ಮಡಿಲಿಗೆ. ಇದನ್ನು ಸಿರಿವಂತ ಹೆಂಗಸರ ಶೋಕಿ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಒಂದು ಊರಲ್ಲಿ ಅಷ್ಟು ಸಿರಿವಂತರು ಎಲ್ಲಿರುತ್ತಾರೆ? ಹೆಚ್ಚಿನವರು ಕುಶಲಕರ್ಮಿಗಳ, ಸಣ್ಣ ವ್ಯಾಪಾರಿಗಳ ಹೆಂಡಂದಿರು. ಲಿಯಾನ್‌ನ ರೇಷ್ಮೆ ನೇಯುವ ಮನೆಗಳಲ್ಲೂ ಇದೇ ಕತೆ. ಮಗ್ಗ ನಿಂತರೆ ಒಲೆ ಉರಿಯದು. ಕೂಸು ದೂರ ಹೋದರೆ ಮಗ್ಗ ನಡೆಯುತ್ತದೆ. ಪ್ಯಾರಿಸ್ಸಿನಲ್ಲಿ ಸರ್ಕಾರವೇ ದಾದಿಯರ ಕಚೇರಿ ತೆರೆದಿತ್ತು. ಸಂಬಳ ಬಾಕಿ ಉಳಿಸಿಕೊಂಡ ತಂದೆ ಜೈಲು ಕಾಣುತ್ತಿದ್ದ. ಹಾಗೆ ಹೋದ ಮಕ್ಕಳಲ್ಲಿ ಎಷ್ಟೋ ಮರಳಲಿಲ್ಲ. ದಾದಿಯ ಸ್ವಂತ ಮಗುವಿಗೆ ಯಾರು ಹಾಲು ಕೊಟ್ಟರು ಎಂದು ಕೇಳಿದವರು ಕಡಿಮೆ.

ಬೈಗುಳ ಮಾತ್ರ ಬಿದ್ದದ್ದು ತಾಯಿಗೆ. 1762ರ ‘ಎಮಿಲ್’ ಪುಸ್ತಕದಲ್ಲಿ ಚಿಂತಕ ರೂಸೋ ಹಾಲೂಡಿಸದ ತಾಯಂದಿರನ್ನು ತರಾಟೆಗೆ ತೆಗೆದುಕೊಂಡ. ತನ್ನ ಐದೂ ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸಿದ್ದಾಗಿ ಆಮೇಲೆ ಅವನೇ ಬರೆದುಕೊಂಡ. ಉಪದೇಶಕ್ಕೆ ಖರ್ಚಿಲ್ಲ ನೋಡಿ.

‘ಹಿಂದಿನವರು ಎಲ್ಲ ಸರಿಯಾಗಿ ಮಾಡುತ್ತಿದ್ದರು’ ಎಂಬ ಮಾತೂ ನಿಲ್ಲುವುದಿಲ್ಲ. ಎರಡನೇ ಶತಮಾನದ ವೈದ್ಯ ಸೊರಾನಸ್, ಹೆರಿಗೆಯ ನಂತರ ಸುಮಾರು 20 ದಿನ ತಾಯಿಯ ಹಾಲು ಕೂಸಿಗೆ ಒಗ್ಗದು ಎಂದ. ನಮ್ಮ ಸುಶ್ರುತ ಸಂಹಿತೆಯೂ ಮೊದಲ ದಿನಗಳಿಗೆ ಜೇನು–ತುಪ್ಪ ಹೇಳುತ್ತದೆ. ಎಮ್ಮೆ ಈದರೆ ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ಕಾಸಿ ನೆರೆಮನೆಗೂ ಹಂಚುತ್ತಿದ್ದ ಮನೆಗಳಲ್ಲೇ ಬಾಣಂತಿಯ ಮೊದಲ ಹಾಲನ್ನು ‘ಕೆಟ್ಟದ್ದು’ ಎಂದು ಹಿಂಡಿ ಚೆಲ್ಲುತ್ತಿದ್ದರು. ಕರುವಿನ ಪಾಲೂ ನಮಗೆ. ಕೂಸಿನ ಪಾಲು ಮಣ್ಣಿಗೆ. ಅದೇ ಸುಶ್ರುತ ಸಂಹಿತೆ ಆರನೇ ತಿಂಗಳಲ್ಲಿ ಅನ್ನಪ್ರಾಶನ ಎಂದದ್ದನ್ನೂ, ಒಂದರಿಂದ ಎರಡು ವರ್ಷದವರೆಗಿನ ಮಗುವನ್ನು ‘ಕ್ಷೀರಾನ್ನಾದ’, ಅಂದರೆ ಹಾಲು–ಅನ್ನ ಎರಡನ್ನೂ ಉಣ್ಣುವುದು ಎಂದು ಕರೆದದ್ದನ್ನೂ ಮರೆಯಬಾರದು. ವಿಶ್ವ ಆರೋಗ್ಯ ಸಂಸ್ಥೆ ಇವತ್ತು ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಆರು ತಿಂಗಳು ಬರೀ ಎದೆಹಾಲು, ಆಮೇಲೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಊಟದ ಜೊತೆಗೆ ಹಾಲು.

ಅಂದರೆ ಏನು ಮಾಡಬೇಕು ಎಂಬುದು ಹಳೆಯ ತಿಳಿವಳಿಕೆ. ಮಾಡಲು ಬಿಡುವು ಯಾರಿಗಿತ್ತು ಎಂಬುದೇ ಪ್ರಶ್ನೆ. ವಾರಮ್ ಪರ್ಸಿಯ ಹೆಂಗಸೂ ದುಡಿಯುತ್ತಿದ್ದಳು; ಆದರೆ ಅವಳ ಕೂಸು ಅವಳಿಂದ ಮೈಲಿಗಟ್ಟಲೆ ದೂರ ಇರಲಿಲ್ಲ. ನಮ್ಮಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ 26 ವಾರಗಳ ಹೆರಿಗೆ ರಜೆ ಕೊಟ್ಟಿತು. ಆರು ತಿಂಗಳ ಎದೆಹಾಲಿಗೆ ಲೆಕ್ಕ ಹಾಕಿದಂತೆಯೇ ಇದೆ. ಆದರೆ ಅದು ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಸಂಬಂಧಿಸಿದ್ದು. ಕಂಡವರ ಹೊಲದಲ್ಲಿ ಕಳೆ ಕೀಳುವವಳಿಗೆ, ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುವವಳಿಗೆ ಅಂಥ ರಜೆ ಎಲ್ಲಿಯದು? ಬೇವು ಅರೆದು ಮೊಲೆಗೆ ಹಚ್ಚಿ ಹಾಲು ಬಿಡಿಸುವುದನ್ನು ಅಜ್ಜಿಯಂದಿರು ಬಲ್ಲರು. ಇವಳ ಮಗುವಿಗೆ ಬೇವು ಬೇಕಿಲ್ಲ, ಕೂಲಿಯೇ ಬಿಡಿಸುತ್ತದೆ.

ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಆಗಸ್ಟ್ ಮೊದಲ ವಾರ ಸ್ತನ್ಯಪಾನ ಸಪ್ತಾಹದ ಭಾಷಣ ಕೇಳಲು ಹೋದರೆ, ನಿಮ್ಮ ಪಂಚಾಯಿತಿಯ ಕೂಸಿನ ಮನೆ ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತದೆ, ಕೆಲಸದ ಜಾಗದಿಂದ ಎಷ್ಟು ದೂರವಿದೆ ಎಂದು ವೇದಿಕೆಯಲ್ಲಿರುವವರನ್ನು ಕೇಳಿ.