ಕಿವಿ ಮುಚ್ಚಿಕೊಂಡ ಮಗು, ಕಿವಿ ಮುಚ್ಚಿಕೊಂಡ ನಾವು

ಕಿರವತ್ತಿಯಲ್ಲಿ ನಮ್ಮ ಹತ್ತಿರದ ಸಂಬಂಧಿಕರ ಮನೆಯ ಮದುವೆ. ಅಸರ್‌ನ ಅಝಾನ್ ಮೈಕಿನಲ್ಲಿ ಮೊಳಗಿದ್ದೇ ತಡ, ನಾಲ್ಕು ವರ್ಷದ ಹುಡುಗನೊಬ್ಬ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಚೀರತೊಡಗಿದ. ಓಡಿಹೋಗಿ ಹಾಸಿಗೆ ಒಟ್ಟಿದ್ದ ಕೋಣೆಯಲ್ಲಿ ಕೌದಿಗಳ ಅಡಿ ತೂರಿಕೊಂಡ. ಹಿರಿಯರೊಬ್ಬರು, "ಅಝಾನ್ ಕೇಳಿ ಓಡುವವನು ಶೈತಾನ್" ಎಂದುಬಿಟ್ಟರು. ಇನ್ನೊಬ್ಬಾಕೆ ತಾವೀಜಿನ ಮಾತೆತ್ತಿದರು. ಹುಡುಗನ ತಾಯಿ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಗೋಡೆಗೆ ಆತು ನಿಂತಿದ್ದಳು. ಅದೇ ಹುಡುಗ ಕುಕ್ಕರಿನ ಸೀಟಿಗೂ, ಮಿಕ್ಸರಿಗೂ, ಹಿಂದಿನ ರಾತ್ರಿಯ ಡಿಜೆಗೂ ಹೀಗೆಯೇ ಚೀರಿದ್ದನೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ. ನಾವೂ ಹೇಳಲಿಲ್ಲ. ಆ ಮೌನದ ಋಣ ತೀರಿಸಲು ಈ ಬರಹ.

ಶಬ್ದ, ಸ್ಪರ್ಶ, ಬೆಳಕು, ರುಚಿ ಇವನ್ನೆಲ್ಲ ಹೊರಗಿನಿಂದ ತಂದು ಒಳಗೆ ಹೊಂದಿಸಿಕೊಳ್ಳುವುದು ಮೆದುಳಿನ ಕೆಲಸ. ಕೆಲವು ಮಕ್ಕಳಲ್ಲಿ ಈ ಹೊಂದಾಣಿಕೆ ತಪ್ಪುತ್ತದೆ ಎಂದು ಅಮೆರಿಕದ ಜೀನ್ ಏರ್ಸ್ ಎಂಬ ಆಕ್ಯುಪೇಶನಲ್ ಥೆರಪಿಸ್ಟ್ 1972ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಶಾಲೆಯಲ್ಲಿ ನಮಗೆ ಕಲಿಸಿದ್ದು ಐದೇ ಇಂದ್ರಿಯ. ಏರ್ಸ್ ಸ್ಪರ್ಶದ ಜೊತೆಗೆ ಇನ್ನೆರಡನ್ನು ಒತ್ತಿ ಹೇಳಿದರು. ಒಂದು, ಒಳಕಿವಿಯಲ್ಲಿರುವ ಸಮತೋಲನದ ಅರಿವು. ಇನ್ನೊಂದು, ನಮ್ಮ ಕೈಕಾಲು ಎಲ್ಲಿದೆ, ಎಷ್ಟು ಬಲ ಹಾಕುತ್ತಿದೆ ಎಂದು ಸ್ನಾಯು ಕೀಲುಗಳು ತಿಳಿಸುವ ಅರಿವು. ಕರೆಂಟ್ ಹೋದಾಗಲೂ ತುತ್ತು ಮೂಗಿಗೆ ಹೋಗದೆ ಬಾಯಿಗೇ ಹೋಗುತ್ತದಲ್ಲ, ಅದು ಈ ಎರಡನೆಯದರ ಕೆಲಸ. ಜೋಕಾಲಿ, ಏಣಿ, ಮರಳು, ಉರುಳುವ ದಿಂಬುಗಳ ನಡುವೆ ಮಗುವನ್ನು ಆಡಲು ಬಿಟ್ಟು, ಅದರ ಇಷ್ಟವನ್ನೇ ಹಿಂಬಾಲಿಸುತ್ತ, ಆಟವನ್ನು ಸ್ವಲ್ಪ ಸ್ವಲ್ಪವೇ ಕಠಿಣ ಮಾಡುತ್ತ ಹೋಗುವುದೇ ಸೆನ್ಸರಿ ಇಂಟಿಗ್ರೇಶನ್ ಥೆರಪಿ. ಜೋಕಾಲಿ ಇಲ್ಲಿ ಬರೀ ಸಾಧನ. ಯಾವ ಮಗುವನ್ನು ಎಷ್ಟು ತೂಗಬೇಕು, ಯಾವಾಗ ನಿಲ್ಲಿಸಬೇಕು ಎಂದು ಬಲ್ಲ ಕಣ್ಣೇ ಚಿಕಿತ್ಸೆ.

ಈ ಕಣ್ಣನ್ನು ಬಿಟ್ಟು ಜೋಕಾಲಿಯನ್ನಷ್ಟೇ ಮಾರುವ ಅಂಗಡಿಗಳು ಈಗ ನಗರಗಳಲ್ಲಿ ತೆರೆದಿವೆ. ಆ ತಾಯಿ ಮಗನನ್ನು ಅಂಥದೊಂದಕ್ಕೆ ಐದು ತಿಂಗಳು ಕರೆದುಕೊಂಡು ಹೋಗಿದ್ದಳು. ಊರಿನ ಹೆಸರು ಬೇಡ. ಗಂಟೆಗೆ 800 ರೂಪಾಯಿ. ಗಂಡ ಗೌಂಡಿ ಕೆಲಸದವನು, ಆತನ ಒಂದು ದಿನದ ದುಡಿಮೆ ಅಲ್ಲಿಗೇ ಮುಗಿಯಿತು. ಗಂಟೆಯೆಂದರೆ ಅಲ್ಲಿ ನಲವತ್ತು ನಿಮಿಷ. ತಾಯಿ ಹೊರಗೆ ಬೆಂಚಿನ ಮೇಲೆ ಕೂರಬೇಕು, ಒಳಗೆ ಏನು ಮಾಡಿದರೆಂದು ಕೇಳುವಂತಿಲ್ಲ. ಜೋಕಾಲಿ ತೂಗುವ ಹುಡುಗಿ ತಿಂಗಳಿಗೊಬ್ಬಳು ಬದಲಾಗುತ್ತಿದ್ದಳು. "ಮೆದುಳಿನ ವೈರಿಂಗ್ ಸರಿಮಾಡುತ್ತೇವೆ, ಆರು ತಿಂಗಳಲ್ಲಿ ನಾರ್ಮಲ್ ಶಾಲೆ" ಎಂದು ಹೇಳಿದವರು, ಅವಳು ಕಿವಿಯ ಝುಮಕಿ ಅಡವಿಟ್ಟ ಮೇಲೆ, "ಮನೆಯಲ್ಲಿ ನೀವು ಸಹಕಾರ ಕೊಡುತ್ತಿಲ್ಲ" ಎಂದರು. ಮನೆಯಲ್ಲಿ ಏನು ಮಾಡಬೇಕೆಂದು ಅವಳಿಗೆ ಯಾರು ಹೇಳಿದ್ದರು?

ವೈರಿಂಗ್ ಸರಿಮಾಡುತ್ತೇವೆ ಎನ್ನುವವರಿಗೆ ವಿಜ್ಞಾನ ಅಷ್ಟು ಧೈರ್ಯ ಕೊಟ್ಟಿಲ್ಲ. ಶಬ್ದ ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳಲ್ಲೊಂದೆಂದು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಸೇರಿಸಿತು. ಆದರೆ ಅದನ್ನೇ ಪ್ರತ್ಯೇಕ ಕಾಯಿಲೆಯೆಂದು ಒಪ್ಪಲಿಲ್ಲ. ಕಿವಿ ಮುಚ್ಚಿಕೊಳ್ಳುವ ಮಕ್ಕಳೆಲ್ಲ ಆಟಿಸಂನವರಲ್ಲ ಎಂಬುದೂ ನೆನಪಿರಲಿ. ಈ ಚಿಕಿತ್ಸೆಗೆ ಸಾಕ್ಷ್ಯ ಸೀಮಿತವಾಗಿದೆ, ಅದನ್ನು ಪೋಷಕರಿಗೆ ತಿಳಿಸಿಯೇ ಒಟ್ಟು ಚಿಕಿತ್ಸೆಯ ಒಂದು ಭಾಗವಾಗಿ ಬಳಸಬಹುದು ಎಂದು ಆ ದೇಶದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿತ್ತು. 2014ರಲ್ಲಿ 32 ಮಕ್ಕಳ ಮೇಲೆ ನಡೆದ ಅಮೆರಿಕದ ಅಧ್ಯಯನವೊಂದು ಒಳ್ಳೆಯ ಫಲ ಕಂಡಿತು. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಆಟಿಸಂ ಇರುವ 138 ಮಕ್ಕಳಲ್ಲಿ, ಎಂದಿನ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗೆಂದು ಇದು ಮೋಸದ ವಿದ್ಯೆಯಲ್ಲ. ಒಂದು ಮಗು ಅಂಗಿ ತೊಡಲು, ಊಟಕ್ಕೆ ಕೂರಲು ಕಲಿತರೆ ಆ ಮನೆಗೆ ಅದೇ ಈದ್. ಆದರೆ ಅಂಥ ಸಣ್ಣ ಗುರಿಯನ್ನು ಮೊದಲೇ ಹೇಳಿ, ಒಂದೆರಡು ತಿಂಗಳಲ್ಲಿ ಅಳೆದು ನೋಡಿ, ಫಲವಿಲ್ಲದಿದ್ದರೆ ನಿಲ್ಲಿಸುವ ಪ್ರಾಮಾಣಿಕತೆ ಬೇಕು. ಅದು ಝುಮಕಿ ಅಡವಿಡಿಸಿದವರಲ್ಲಿ ಇತ್ತೇ?

ಇನ್ನು, "ಇದೆಲ್ಲ ನಮ್ಮ ನಾನಿ ದಾದಿಯರಿಗೆ ಗೊತ್ತಿತ್ತು" ಎಂದು ಎದೆಯುಬ್ಬಿಸುವವರು. ಎಣ್ಣೆ ತಿಕ್ಕಿ ಎರೆಯುವುದು, ಸೀರೆಯ ಜೋಲಿ, ಮಣ್ಣಾಟ ಎಲ್ಲ ನಮ್ಮಲ್ಲಿದ್ದದ್ದು ನಿಜ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಹೊಲಿದು ಮಾಡುವ ಕೌದಿಯ ತೂಕ, ಅದರ ದಾರದ ಗೆರೆಗಳ ಒರಟು ಸುಖ ಬಲ್ಲವರೇ ಬಲ್ಲರು. ಆ ಹುಡುಗ ತೂರಿಕೊಂಡದ್ದೂ ಅಂಥದರ ಅಡಿಯಲ್ಲೇ. (ಭಾರದ ಕಂಬಳಿಯೆಂದು ಪೇಟೆಯಲ್ಲಿ ಮಾರುವುದನ್ನಾಗಲಿ, ನಾಲ್ಕು ಕೌದಿಯನ್ನಾಗಲಿ ಮಲಗಿದ ಎಳೆಮಗುವಿನ ಮೇಲೆ ಹೇರಬಾರದು, ಉಸಿರಿಗೆ ಅಪಾಯ.) ಆದರೆ ಎಣ್ಣೆ ಮುಟ್ಟಿದರೇ ಚೀರುವ ಮಗುವನ್ನು ಆ ಅಜ್ಜಿಯರು ಏನು ಮಾಡುತ್ತಿದ್ದರು? ಇಬ್ಬರು ಹಿಡಿದುಕೊಂಡು ಮೂರನೆಯವರು ತಿಕ್ಕುತ್ತಿದ್ದರು. ಗಂಜಿಯ ಲೋಳೆಗೆ ವಾಂತಿ ಮಾಡುವ ಮಗುವಿಗೆ ಮೂಗು ಹಿಡಿದು ಕುಡಿಸುತ್ತಿದ್ದರು. ಹಠಮಾರಿ, ಜಿನ್ ಹಿಡಿದವನು, ನಝರ್ ತಾಗಿದವನು ಎಂಬ ಹೆಸರುಗಳು ನಮ್ಮ ಮನೆಗಳಲ್ಲಿ ಎಷ್ಟು ಮಕ್ಕಳ ಬೆನ್ನ ಮೇಲೆ ಬಾಸುಂಡೆಯಾಗಿ ಎದ್ದಿಲ್ಲ? ಗತಕಾಲದ ಹೊಗಳಿಕೆಯೂ ಒಂದು ಬಗೆಯ ತಾವೀಜೇ.

ಸರಕಾರಕ್ಕೆ ಬರೋಣ. ದೇಶದಲ್ಲಿ ಅಂಗನವಾಡಿ ಯೋಜನೆ 1975ರಲ್ಲಿ ಶುರುವಾದಾಗ ಮೊದಲ ತಂಡದಲ್ಲೇ ನಮ್ಮ ಟಿ. ನರಸೀಪುರ ಇತ್ತು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ ಪರೀಕ್ಷಿಸಿ, ಬೆಳವಣಿಗೆಯ ಕುಂಠಿತವನ್ನೂ ಗುರುತಿಸಬೇಕೆಂದು ಅದು ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಇದೆ. ಆದರೆ ಅದು ಉಚಿತ ಶಿಕ್ಷಣದ ಹಕ್ಕು ಕೊಡುವುದು ಆರರಿಂದ ಹದಿನೆಂಟು ವರ್ಷದವರಿಗೆ. ಕೈಹಿಡಿದು ಎತ್ತಬೇಕಾದ ಮೂರು ನಾಲ್ಕರ ವಯಸ್ಸಿನಲ್ಲಿ ಮಗು ತಾಯಿಯ ಝುಮಕಿಯನ್ನೇ ನಂಬಬೇಕು! ಗುರುತಿಸಿದ ಮೇಲೆ ಕಳಿಸುವುದೆಲ್ಲಿಗೆ? ಜಿಲ್ಲಾ ಕೇಂದ್ರ ಕಾರವಾರ ಅರಬೈಲ್ ಘಟ್ಟದಾಚೆ, ನೂರು ಕಿಲೋಮೀಟರಿಗೂ ದೂರ. ಕಿರವತ್ತಿಯವರಿಗೆ ಹುಬ್ಬಳ್ಳಿಯೇ ಹತ್ತಿರ, ಆದರೆ ಅದು ಬೇರೆ ಜಿಲ್ಲೆ. 2023ರ ಶಕ್ತಿ ಯೋಜನೆಯಿಂದ ತಾಯಿಗೆ ಬಸ್ಸು ಉಚಿತವಾಯಿತು, ಸರಿ. ಕಳೆದ ದಿನದ ಕೂಲಿ ಯಾರು ಕೊಡುತ್ತಾರೆ? ವಾರಕ್ಕೊಂದು ದಿನ ತಾಲೂಕು ಆಸ್ಪತ್ರೆಗೆ ಒಬ್ಬ ಆಕ್ಯುಪೇಶನಲ್ ಥೆರಪಿಸ್ಟ್ ಬಂದು ತಾಯಂದಿರಿಗೂ ಅಂಗನವಾಡಿ ಟೀಚರಿಗೂ ಕಲಿಸಿಕೊಟ್ಟರೆ ಸಾಕು. ಗೋಣಿಚೀಲದ ಜೋಲಿ, ಮರಳಿನ ತಟ್ಟೆ, ನೀರು ಹೊರುವ ಸಣ್ಣ ಬಿಂದಿಗೆ ಕಿರವತ್ತಿಯಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಇಷ್ಟನ್ನು ಕೇಳುವ ಒಂದು ಅರ್ಜಿ ನಮ್ಮ ಯಾವ ಜಮಾಅತಿನಿಂದಾದರೂ ಹೋಗಿದೆಯೇ?

ಓದುಗರಲ್ಲಿ ಇಂಥ ಮಗುವಿನ ತಂದೆತಾಯಿ ಇದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನಲ್ಲಿ 1965ರಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಟಿಸಂ ಎಂದು ಪ್ರಮಾಣಪತ್ರ ಸಿಕ್ಕರೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಗೆ ಅರ್ಜಿ ಹಾಕಿ. ವರ್ಷಕ್ಕೆ ಒಂದು ಲಕ್ಷದವರೆಗಿನ ಆ ವಿಮೆಯಲ್ಲಿ ಥೆರಪಿಯ ಖರ್ಚಿಗೂ ಪಾಲಿದೆ. ಆ ತಾಯಿಗೆ ಇದು ಗೊತ್ತಿರಲಿಲ್ಲ. ಹಣ ಕಟ್ಟಿಸಿಕೊಂಡವರು ಹೇಳಿರಲಿಲ್ಲ.

ಮಗುವಿನ ಅಳು ಕೇಳಿದರೆ ಪ್ರವಾದಿಯವರು (ಸ) ನಮಾಝನ್ನೇ ಚಿಕ್ಕದು ಮಾಡುತ್ತಿದ್ದರೆಂದು ಖುತ್ಬಾಗಳಲ್ಲಿ ಎಷ್ಟು ಸಲ ಕೇಳಿದ್ದೇವೆ! ಮೈಕಿನ ಹಾರ್ನನ್ನು ಆ ಮನೆಯ ಕಿಟಕಿಯಿಂದ ಬೇರೆಡೆಗೆ ತಿರುಗಿಸಿದರೆ ಅಝಾನ್ ಕಡಿಮೆಯಾಗುವುದಿಲ್ಲ. ಮದುವೆಯ ಮಾರನೆ ದಿನ ಅಲ್ಲಿನ ಇಮಾಮರ ಬಳಿ ಹೀಗೆ ಹೇಳಿದಾಗ ಅವರು ಎರಡು ಮಾತಿಲ್ಲದೆ ಒಪ್ಪಿದರು. ಡಿಜೆಯ ವಿಷಯದಲ್ಲಿ ಮಾತ್ರ ಮನೆಯ ಹುಡುಗರು ಒಪ್ಪಿಲ್ಲ. ಅದೇ ಮನೆಯಲ್ಲಿ ರಜಬ್ ತಿಂಗಳಿಗೆ ಇನ್ನೊಂದು ಮದುವೆ ಇದೆ, ಮಾತು ಇನ್ನೂ ನಡೆದಿದೆ.